ಕಿವಿಡಬ್ಬದ ಮುಯ್ಯಿ

ಮಂಡ್ಯ
3 ಫೆಬ್ರುವರಿ 2025

ಶಶಿ,

ಕಾಗದ ನೋಡಿ ಗಾಬರಿ ಬೀಳಬೇಡ, ಯಾರಿಗೂ ಏನೂ ಆಗಿಲ್ಲ. ಫೋನು ಇರುವಾಗ ಇವಳಿಗೆ ಏನು ಬಂತು ರೋಗ ಅಂತ ನಿನ್ನ ಅತ್ತೆ ಕೇಳುತ್ತಾರೆ, ಗೊತ್ತು. ಆದರೆ ನಿನ್ನ ಫೋನು ನಿನ್ನೊಬ್ಬಳದಲ್ಲವಲ್ಲ. ಬೆಳಿಗ್ಗೆ ಅತ್ತೆಯ ದೇವರ ಹಾಡಿಗೆ, ಮಧ್ಯಾಹ್ನ ಜಯಪ್ರಕಾಶಣ್ಣ ರಾಮನಗರದ ರೇಷ್ಮೆಗೂಡಿನ ರೇಟು ನೋಡುವುದಕ್ಕೆ, ಸಂಜೆ ಯಾರ ಕೈಯಲ್ಲಿರುತ್ತದೋ ದೇವರಿಗೇ ಗೊತ್ತು. ಕಿವಿಡಬ್ಬದ ವಿಚಾರ ವಾಟ್ಸಾಪಿನಲ್ಲಿ ಹಾಕಲೇಬೇಡಿ ಎಂದು ನಮ್ಮ ಪೇಟೆಂಟ್ ಏಜೆಂಟ್ ವನಜಾ ಮೇಡಂ ಕಟ್ಟಪ್ಪಣೆ ಮಾಡಿದ್ದಾರೆ. ಅದಕ್ಕೇ ಅಂಚೆ.

ಮೊನ್ನೆ ಹೂಡಿಕೆದಾರರು ಬಂದಿದ್ದರು. ಅವರಿಗೆ ರೇಷ್ಮೆ ಎಂದರೆ ಸೀರೆ, ಅಷ್ಟೇ ಗೊತ್ತು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ, ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಎದ್ದ ಮೇಲೆ ತಡ ಮಾಡಬಾರದು, ಅದರಲ್ಲಿ ತಪ್ಪಿದರೆ ಬೆಳೆಯೇ ಏರುಪೇರು ಎಂದು ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವಂತೆ ಹೇಳಿದೆ. ಆಮೇಲೆ ನಮ್ಮ ಡಬ್ಬ ತೋರಿಸಿದೆ. ಹುಳು ಸೊಪ್ಪು ತಿನ್ನುವ ಸದ್ದನ್ನು ಇದು ಕೇಳಿಸಿಕೊಳ್ಳುತ್ತದೆ, ಜ್ವರಕ್ಕೆ ಕೂತರೆ ಕೆಂಪು ದೀಪ, ಎದ್ದರೆ ಹಸಿರು ದೀಪ ಎಂದೆ. ಒಬ್ಬರು ಹೆಡ್‌ಫೋನ್ ಹಾಕಿಕೊಂಡು, "ಮಳೆ ಬರ್ತಿದ್ಯಲ್ಲಾ" ಅಂದರು. ಅಲ್ಲಿಗೆ ಮುಗಿಯಿತು, ಬಿದ್ದರು.

ಈಗ ವಿಷಯ. ಹೋದ ಜೂನ್‌ನಲ್ಲಿ ನಾನು ಹಾಕಿದ್ದು ತಾತ್ಕಾಲಿಕ ಅರ್ಜಿ. ಈ ಜೂನ್ ಒಳಗೆ ಪೂರ್ತಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಅದು ಸತ್ತ ಹಾಗೆ. ಅದಕ್ಕೆ ಮುಂಚೆ, ಡಬ್ಬಕ್ಕೆ ಸಹಾಯ ಮಾಡಿದವರಿಂದೆಲ್ಲ ಸಹಿ ತೆಗೆದುಕೊಡಿ ಎಂದು ಹೂಡಿಕೆದಾರರು ಕೇಳಿದ್ದಾರೆ. ಒಂದು ಕಾಗದ ಟೈಪ್ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಸುಮ್ಮನೆ ಒಂದು ಫಾರ್ಮಾಲಿಟಿ ಕಣೆ, ಓದಿ ತಲೆ ಕೆಡಿಸಿಕೊಳ್ಳಬೇಡ. ನೀನು ಸದ್ದುಗಳನ್ನು ಕೇಳಿ ಗುರುತು ಹಾಕಿಕೊಟ್ಟೆ, ನಾನು ನಿಮ್ಮ ಮನೆಗೆ ಬಂದು ಗೂಡು ಬಿಡಿಸಿದೆ. ನಿನ್ನ ಮನೆಗೆ ನಾನು ಆಳು, ನನ್ನ ಕೆಲಸಕ್ಕೆ ನೀನು ಆಳು, ಮುಯ್ಯಾಳಿನ ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಯಿತು. ಸಹಿ ಹಾಕಿ ಕಳಿಸಿಬಿಡು.

ಅತ್ತಮ್ಮನಿಗೆ ನನ್ನ ನಮಸ್ಕಾರ ಹೇಳು.

ಅರುಂಧತಿ


ಹಲಗೂರು ಹತ್ತಿರ
14 ಫೆಬ್ರುವರಿ 2025

ಅರು,

ಅಂಚೆಯವನು ನಿನ್ನ ಕವರು ಕೊಟ್ಟಾಗ ಬೀದಿಯವರೆಲ್ಲ ಬಂದು ನಿಂತರು. ಬ್ಯಾಂಕಿನ ನೋಟೀಸು ಎಂದು ಒಬ್ಬರು, ಕೋರ್ಟಿನದು ಎಂದು ಒಬ್ಬರು. ಅತ್ತೆಯಂತೂ, "ಆ ಅತಗೂರು ಉಡ್ಗಿ ಬರೆದಿರಾದ? ಏನಂತೆ? ಮದ್ವೆಯಾ?" ಎಂದು ಕೇಳಿ ನಿನ್ನ ಮದುವೆಯ ಊಟದ ಪಟ್ಟಿ ಶುರು ಮಾಡಿದರು. ಮದುವೆ ಅಲ್ಲ, ಡಬ್ಬ ಎಂದೆ. "ಡಬ್ಬಕ್ಕೆ ಯಾವನಮ್ಮಿ ಕಾಗ್ದ ಬರೀತಾನೆ" ಎಂದು ಒಳಗೆ ಹೋದರು.

ಹುಳು ಎರಡನೇ ಜ್ವರದಲ್ಲಿವೆ. ಈ ಸಲ ಸೊಪ್ಪು ಚೆನ್ನಾಗಿದೆ, ಸದ್ಯ ಬೋರಿನ ಮೋಟಾರು ಮುನಿಸಿಕೊಂಡಿಲ್ಲ. ಜಯಪ್ರಕಾಶ್ ಹೊಸ ಚಂದ್ರಂಕಿ ತಂದಿದ್ದಾರೆ, ಹುಳು ಗೂಡು ಕಟ್ಟುವುದಕ್ಕೆ ಬಿಡುವ ತಟ್ಟೆಗಳ ಮೇಲೆ ಇವರಿಗೆ ನನಗಿಂತ ಹೆಚ್ಚು ಪ್ರೀತಿ. ಡಬ್ಬ ಚೆನ್ನಾಗಿ ಕೆಲಸ ಮಾಡುತ್ತಿದೆ. ಪಕ್ಕದ ಮನೆ ದೇವಿರಮ್ಮ ಮೊನ್ನೆ ಸಿಕ್ಕಿ, "ನಮ್ಮನೇಲಿ ಇದ್ದಾಗ್ಲೂ ಮೊದ್ಲು ನಾಕ್ ದಿನ ಬುಟ್ರೆ ಒಂದ್ ಸುಳ್ಳು ಏಳ್ನಿಲ್ಲ ಕಣವ್ವ ಅದು, ನಮ್ಮೆಜಮಾನ್ರಿಗಿಂತ ವಾಸಿ" ಎಂದು ಹೊಗಳಿದರು. ನಿನಗೆ ಹೇಳಬೇಕು ಅನ್ನಿಸಿತು.

ನಾವಿಬ್ಬರೂ ಪಾಲಿಟೆಕ್ನಿಕ್ಕಿನಲ್ಲಿದ್ದಾಗಲೂ ನೀನು ಹೀಗೇ. ಓದಬೇಡ, ಸಹಿ ಹಾಕು ಎನ್ನುತ್ತಿದ್ದೆ. ಲ್ಯಾಬ್ ರೆಕಾರ್ಡು ಬರೆಯುತ್ತಿದ್ದವಳು ಮಾತ್ರ ನಾನು.

ಕಾಗದವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ್ದೇನೆ. ಹುಳು ಎದ್ದ ಮೇಲೆ ಓದುತ್ತೇನೆ.

ಶಶಿರೇಖಾ


ಮಂಡ್ಯ
20 ಫೆಬ್ರುವರಿ 2025

ಶಶಿ,

ನೇರವಾಗಿ ಕೇಳುತ್ತೇನೆ. "ನಮ್ಮನೇಲಿ ಇದ್ದಾಗ್ಲೂ" ಎಂದರೆ ಏನು? ಡಬ್ಬ ದೇವಿರಮ್ಮನ ಮನೆಗೆ ಹೋಗಿದ್ದು ಯಾವಾಗ? ಯಾರು ಕೊಟ್ಟರು? ಹೋದ ವರ್ಷ ಜೂನ್‌ಗೆ ಮುಂಚೆಯಾ, ಆಮೇಲಾ?

ನಿನಗೆ ಇದರ ಗಂಭೀರತೆ ಗೊತ್ತಿಲ್ಲ ಅನ್ನಿಸುತ್ತದೆ. ಅರ್ಜಿ ಹಾಕುವ ಮುಂಚೆ ವಸ್ತು ಊರಿಗೆಲ್ಲ ಗೊತ್ತಾಗಿಬಿಟ್ಟರೆ ಅದು ಹೊಸದೇ ಅಲ್ಲ ಎಂದು ಯಾರು ಬೇಕಾದರೂ ತಕರಾರು ಎತ್ತಬಹುದು. ಆಮೇಲೆ ಪೇಟೆಂಟೂ ಇಲ್ಲ, ಕಂಪನಿಯೂ ಇಲ್ಲ. ಕೆಲಸ ಬಿಟ್ಟು ಬಂದಿರುವ ನಾನು ನಮ್ಮಪ್ಪನಿಗೆ ಏನು ಮುಖ ತೋರಿಸಲಿ?

ಇನ್ನೊಂದು. ಹೋದ ವಾರ ಕೃಷಿ ಮೇಳಕ್ಕೆ ಹೋಗಿದ್ದೆ. ಅಲ್ಲಿ ಒಂದು ಮಳಿಗೆಯಲ್ಲಿ ನಮ್ಮದರಂಥದೇ ಡಬ್ಬ! ಕೆಂಪು ದೀಪ, ಹಸಿರು ದೀಪ, ಎಲ್ಲ. ಮೈಕನ್ನು ಮಾತ್ರ ತಟ್ಟೆಗೇ ಬಿಗಿದಿದ್ದರು, ನಮ್ಮದರಂತೆ ತೂಗುಬಿಟ್ಟಿರಲಿಲ್ಲ. ಎಲ್ಲಿಂದ ಬಂತು ಇವರಿಗೆ ಈ ಯೋಚನೆ? ನಾನಂತೂ ಯಾರಿಗೂ ಹೇಳಿಲ್ಲ. ನೀವು ಹುಳು ಮನೆಗೆ ಹೊರಗಿನವರನ್ನು ಬಿಡದ ಜನ. ಚಪ್ಪಲಿ ಬಿಡಿಸಿ, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಸಿ, ಸ್ವಂತ ಅಳಿಯನನ್ನೂ ಬಾಗಿಲಲ್ಲಿ ನಿಲ್ಲಿಸುವವರು, ಡಬ್ಬವನ್ನು ಮಾತ್ರ ಮಜ್ಜಿಗೆ ಕೊಟ್ಟ ಹಾಗೆ ಪಕ್ಕದ ಮನೆಗೆ ಕೊಟ್ಟಿರೇನು?

ಸಹಿ ಹಾಕಿದ ಕಾಗದ ಬೇಗ ಕಳಿಸು. ಎಲ್ಲ ವಿವರವಾಗಿ ಬರೆ.

ಅರುಂಧತಿ


ಹಲಗೂರು ಹತ್ತಿರ
9 ಮಾರ್ಚ್ 2025

ಅರುಂಧತಿಯವರಿಗೆ,

ತಡವಾಯಿತು. ಹುಳು ಹಣ್ಣಾಗಿ ಚಂದ್ರಂಕಿಗೆ ಬಿಡುವ ಕೆಲಸವಿತ್ತು.

ನೀವು ಕೇಳಿದ ವಿವರ: ಹೋದ ವರ್ಷ ಜನವರಿಯಲ್ಲಿ ನಮ್ಮ ಮೋಟಾರು ಸುಟ್ಟುಹೋಯಿತು. ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಆಗ ಅವು ಹೇಗೆ ತಿನ್ನುತ್ತವೆ ಅಂತ ನಿಮಗೇ ಗೊತ್ತು. ದೇವಿರಮ್ಮ ತಮ್ಮ ತೋಟದ ಸೊಪ್ಪು ಕುಯ್ದುಕೊಟ್ಟು ಬೆಳೆ ಉಳಿಸಿದರು. ಆಮೇಲೆ, ಅವರ ಮನೆಗೆ ಹುಳು ಬಂದಾಗ, "ಆ ಡಬ್ಬ ಒಂದ್ ಬೆಳೆಗೆ ಕೊಡವ್ವ" ಎಂದರು. ಸೊಪ್ಪು ಕೊಟ್ಟವರಿಗೆ ಇಲ್ಲ ಎನ್ನುವುದು ನಮ್ಮಲ್ಲಿ ಇಲ್ಲ. ಕೊಟ್ಟೆ. ಅವರಿಂದ ಅವರ ತಂಗಿ ಮನೆಗೆ, ಅಲ್ಲಿಂದ ಅವರ ಮುಯ್ಯಾಳಿನವರ ಮನೆಗೆ. ಏಪ್ರಿಲ್ ಕೊನೆಗೆ ನಮ್ಮ ಮನೆಗೆ ವಾಪಸು ಬಂತು. ಎಲ್ಲವೂ ಜೂನ್‌ಗೆ ಮುಂಚೆ. ದೇವಿರಮ್ಮನ ತಂಗಿ ಮನೆಗೆ ಬಿಳಿ ಕಾರಿನಲ್ಲಿ ಒಬ್ಬ ಬಂದು, ಬಾಗಿಲಿನಿಂದಲೇ ಡಬ್ಬದ ಫೋಟೊ ಹೊಡೆದುಕೊಂಡು ಹೋದನಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಹೇಳಬೇಕಿತ್ತು, ಹೇಳಲಿಲ್ಲ.

ಕಾಗದ ಓದಿದೆ. ಒಂದಲ್ಲ, ಎರಡು ಸಲ. "ಈ ಉಪಕರಣವನ್ನು ಕಂಡುಹಿಡಿಯುವುದರಲ್ಲಿ ನನ್ನ ಪಾತ್ರ ಏನೂ ಇಲ್ಲ, ನಾನು ಕೂಲಿ ಸಹಾಯ ಮಾತ್ರ ಮಾಡಿರುತ್ತೇನೆ" ಎಂದು ಬರೆದಿದೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇದು ತಿನ್ನುವ ಸದ್ದು, ಇದು ಜ್ವರ, ಇದು ಸಪ್ಪೆ ರೋಗ ಬಂದು ಸೊಪ್ಪು ಬಿಟ್ಟಿದ್ದು ಎಂದು ಒಂದೊಂದಕ್ಕೂ ಗುರುತು ಹಾಕಿದ್ದು ಕೂಲಿ ಎಂದು ನನಗೆ ಗೊತ್ತಿರಲಿಲ್ಲ.

ಸಹಿ ಹಾಕಿದ್ದೇನೆ. ಜೊತೆಗಿದೆ. ತಮ್ಮ ಕಂಪನಿಗೆ ಒಳ್ಳೆಯದಾಗಲಿ.

ಶಶಿರೇಖಾ ಜಯಪ್ರಕಾಶ್


ಮಂಡ್ಯ
28 ಮಾರ್ಚ್ 2025

ಶಶಿ,

"ಅರುಂಧತಿಯವರಿಗೆ" ಎಂದು ಬರೆದಿದ್ದೀಯ. ಬೈದಿದ್ದರೆ ಪರವಾಗಿರಲಿಲ್ಲ. ಈ ಬಹುವಚನ ತಡೆಯುವುದಕ್ಕೆ ಆಗಲಿಲ್ಲ ಕಣೆ.

ನೀನು ಸಹಿ ಹಾಕಿದ ಕಾಗದ ತೆಗೆದುಕೊಂಡು ವನಜಾ ಮೇಡಂ ಹತ್ತಿರ ಹೋದೆ. ಅವರು ಓದಿ, ಕನ್ನಡಕ ತೆಗೆದು, "ಇದನ್ನ ಬರೆದವರು ಯಾರು?" ಎಂದರು. ನಾನೇ ಎಂದೆ, ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಮಾದರಿ. "ನನ್ನ ಕೇಳದೆ ಯಾಕೆ ಬರೆಯೋಕೆ ಹೋದ್ರಿ? ಸದ್ದಿಗೆ ಗುರುತು ಹಾಕಿದ್ದು ಯಾರು?" "ಶಶಿರೇಖಾ." "ಆ ಗುರುತಿಲ್ಲದೆ ಡಬ್ಬ ಕೆಲಸ ಮಾಡುತ್ತಾ?" ನಾನು ಮೇಜಿನ ಮೇಲಿದ್ದ ಕಾಗದವನ್ನು ಮಡಿಸತೊಡಗಿದೆ. "ಬಾಯಿ ಬಿಡ್ರೀ." "ಇಲ್ಲ ಮೇಡಂ." "ಹಾಗಾದರೆ ಅವರ ಹೆಸರು ಬಿಟ್ಟು ಅರ್ಜಿ ಹಾಕಿದರೆ ಅದು ಸುಳ್ಳು ಅರ್ಜಿ. ನಾಳೆ ಎದುರು ಪಾರ್ಟಿ ಇದೊಂದನ್ನೇ ಹಿಡಿದು ಎಳೆದರೂ ಸಾಕು."

ಆಮೇಲೆ ಡಬ್ಬ ಊರು ಸುತ್ತಿದ ಕಥೆ ಹೇಳಿದೆ. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕೆಲವು ವಸ್ತುಗಳನ್ನು ಹೊರಗೆ ಬಳಸದೆ ಪರೀಕ್ಷೆ ಮಾಡಲು ಆಗುವುದಿಲ್ಲ. ಅಂಥದನ್ನು ಕಂಡುಹಿಡಿದವರೇ, ಇಲ್ಲವೇ ಅವರ ಒಪ್ಪಿಗೆಯ ಮೇಲೆ ಬೇರೆಯವರು, ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ ಪರೀಕ್ಷೆಗೆ ಎಂದು ಬಳಸಿದ್ದರೆ ಕಾಯ್ದೆ ಒಪ್ಪಿಕೊಳ್ಳುತ್ತದೆ. ಆದರೆ ಡಬ್ಬಕ್ಕೆ ಸಂಬಂಧವೇ ಇಲ್ಲದ ಒಬ್ಬಳು, ನನಗೆ ಗೊತ್ತಿಲ್ಲದೆ, ಸುಮ್ಮನೆ ಬೀದಿಗೆ ಕೊಟ್ಟಳು ಎಂದಾದರೆ ನಮಗೆ ಹೇಳಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. "ಈ ಕಾಗದದಲ್ಲಿ ಅವರೇ ಸಂಬಂಧವಿಲ್ಲ ಅಂತ ಸಹಿ ಹಾಕಿದ್ದಾರೆ. ನಿಮ್ಮ ಗೋರಿ ನೀವೇ ತೋಡಿಕೊಂಡು, ಅವರ ಕೈಲಿ ಮಣ್ಣು ಮುಚ್ಚಿಸಿದ್ದೀರಿ" ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಪೂರ್ತಿ ಅರ್ಜಿಯಲ್ಲಿ ಕಂಡುಹಿಡಿದವರು ಎಂದು ನಿನ್ನ ಹೆಸರೂ ಹಾಕಬೇಕು, ಅದಕ್ಕೆ ನಿನ್ನ ಸಹಿ ಬೇಕು. ಆ ಮನೆಗಳಲ್ಲಿ ಡಬ್ಬ ಇಟ್ಟಿದ್ದು ಪರೀಕ್ಷೆಗೇ ಎಂದೂ ನೀನು ಬರೆದುಕೊಡಬೇಕು. ನಿಜ ಅಲ್ಲದಿದ್ದರೆ ಬರೆಯಬೇಡ ಎಂದು ಮೇಡಂ ಹೇಳಿದ್ದಾರೆ. ನಿಜವಾ? ಬೇಗ ಉತ್ತರ ಬರೆ. ಜೂನ್ ಹತ್ತಿರ ಬಂತು.

ಅರು


ಹಲಗೂರು ಹತ್ತಿರ
11 ಏಪ್ರಿಲ್ 2025

ಏನಮ್ಮಿ ಅರುಂಧತಿ,

ಈ ಸಲ ಬಹುವಚನ ಹಾಕುವುದಿಲ್ಲ, ಬೈಯುವುದಕ್ಕೆ ಏಕವಚನವೇ ಚೆಂದ.

ಬೇಡವಾದಾಗ ಪಾತ್ರ ಇಲ್ಲ, ಬೇಕಾದಾಗ ಪಾತ್ರ ಇದೆ. ನಾನೇನು ನಿಮ್ಮ ಕಂಪನಿಯ ಊರುಗೋಲಾ, ಕಾಲು ನೋವು ಬಂದಾಗ ಹಿಡಿದುಕೊಂಡು, ವಾಸಿಯಾದ ಮೇಲೆ ಮೂಲೆಗೆ ನಿಲ್ಲಿಸುವುದಕ್ಕೆ? ನಿನ್ನ ಕಾಗದ ಪೂರ್ತಿ ಮೇಡಂ ಹೀಗೆ ಅಂದರು, ಮೇಡಂ ಹಾಗೆ ಅಂದರು. ನಿಮ್ಮ ಮೇಡಂ ಬುದ್ಧಿವಂತರು, ನನಗೆ ಅವರ ಮೇಲೆ ಗೌರವ ಬಂತು. ಆದರೆ ನನ್ನ ಗೆಳತಿ ಅವರಲ್ಲ. ನೀನು ಏನು ಅನ್ನುತ್ತೀಯ ಅಂತ ಒಂದು ಸಾಲೂ ಇಲ್ಲ.

ಪರೀಕ್ಷೆಯಾ ಎಂದು ಕೇಳಿದ್ದೀಯ. ಕೇಳು. ಕೊಟ್ಟಿದ್ದು ಸೊಪ್ಪಿನ ಮುಯ್ಯಿಗೆ, ಅದು ನಿಜ. ಆದರೆ ಕೊಟ್ಟು ನಾನು ಮನೆಯಲ್ಲಿ ಕೂರಲಿಲ್ಲ. ದೇವಿರಮ್ಮನ ಮನೆಯಲ್ಲಿ ಬಿದಿರು ತಟ್ಟೆ, ನಮ್ಮಲ್ಲಿ ಕಬ್ಬಿಣದ ಅಟ್ಟಣಿಗೆ. ಬಿದಿರಿಗೆ ಕಟ್ಟಿದ ತಕ್ಷಣ ಡಬ್ಬಕ್ಕೆ ಹುಚ್ಚು ಹಿಡಿಯಿತು. ಹುಳು ಗಬಗಬ ತಿನ್ನುತ್ತಿದ್ದರೂ ಕೆಂಪು ದೀಪ, ಜ್ವರ ಜ್ವರ ಎನ್ನುತ್ತಿತ್ತು. ದೇವಿರಮ್ಮ, "ತಗಂಡೋಗವ್ವ ಇದ್ನ, ನಮ್ಮುಳೀನ ಉಪಾಸ ಕೆಡವ್ತದೆ" ಎಂದರು. ನಾನು ದಿನಾ ಹೋದೆ, ಕಾಲು ತೊಳೆದು ಒಳಗೆ ನಿಂತು ಕೇಳಿದೆ. ಬಿದಿರು ಒಂದಕ್ಕೊಂದು ಉಜ್ಜಿ ಕಿರಿಕಿರಿ ಎನ್ನುತ್ತಿತ್ತು, ಡಬ್ಬಕ್ಕೆ ಹುಳಿನ ಸದ್ದು ಸಿಗುತ್ತಿರಲಿಲ್ಲ. ಮೈಕು ಬಿಚ್ಚಿ, ಗೋಣಿಚೀಲದ ಚೂರಿನಲ್ಲಿ ಸುತ್ತಿ, ತಟ್ಟೆಗೆ ತಾಗದ ಹಾಗೆ ತೂಗುಬಿಟ್ಟೆ. ಸರಿಹೋಯಿತು. ಅವರ ತಂಗಿ ಮನೆಯಲ್ಲಿ ನೋಡಿದೆ, ಅಲ್ಲೂ ಸರಿಹೋಯಿತು. ಇದಕ್ಕೆ ನಿಮ್ಮ ಕಾಯ್ದೆಯಲ್ಲಿ ಏನು ಹೆಸರೋ, ನಮ್ಮಲ್ಲಿ ಇದಕ್ಕೆ ನೋಡುವುದು ಎನ್ನುತ್ತೇವೆ.

ಹೋದ ವರ್ಷ ಮೇ ತಿಂಗಳಲ್ಲಿ ನೀನು ಬಂದು ಡಬ್ಬವನ್ನು ಮಂಡ್ಯಕ್ಕೆ ತೆಗೆದುಕೊಂಡು ಹೋಗಿ ಜೂನ್ ಕಳೆದ ಮೇಲೆ ವಾಪಸು ತಂದೆಯಲ್ಲ, ನೀನು ಒಯ್ಯುವಾಗಲೇ ಮೈಕು ಗೋಣಿಯಲ್ಲಿತ್ತು. ಯಾಕೆ ಅಂತ ಕೇಳುತ್ತೀಯ, ಎಲ್ಲ ಹೇಳೋಣ ಎಂದು ಕಾದೆ. ನೀನು "ಚೆನ್ನಾಗಿದೆ ಕಣೆ" ಎಂದೆ, ಬಸ್ಸು ಹತ್ತಿದೆ. ನೀನು ನಮ್ಮನೆಯಲ್ಲಿ ಬಿಟ್ಟುಹೋದ ಅರ್ಜಿಯ ನಕಲು ನಾನು ಈಗ ತೆಗೆದು ನೋಡಿದೆ. ಚಿತ್ರದಲ್ಲಿ "ಕಂಪನ ತಡೆಯುವ ಹೊದಿಕೆ, ತೂಗುಬಿಟ್ಟ ಮೈಕು" ಎಂದು ಬಾಣದ ಗುರುತು ಹಾಕಿದ್ದೀಯ. ಅದು ನನ್ನ ಗೋಣಿಚೀಲ ಅಮ್ಮಿ.

ಬಿಳಿ ಕಾರಿನವನ ವಿಚಾರ ಪೂರ್ತಿ ಹೇಳಿರಲಿಲ್ಲ. ಅವನು ನಮ್ಮ ಮನೆಗೂ ಬಂದಿದ್ದ. ನನಗೆ ಕೆಲಸ ಕೊಡುತ್ತೇನೆ, ಗುರುತು ಹಾಕಿದ ಸದ್ದುಗಳ ಪೆನ್‌ಡ್ರೈವ್ ಕೊಡಿ ಎಂದ. ಹುಳು ಮನೆ ನೋಡಬೇಕು ಎಂದ. ಅತ್ತೆ ಪೊರಕೆ ಹಿಡಿದುಕೊಂಡೇ ಬಾಗಿಲಿಗೆ ಬಂದು, "ಒರಗಿನೋರ್ನ ಒಳೀಕ್ ಬುಡಾಕಿಲ್ಲ ಕಣಪ್ಪ, ಬಿಸ್ಲಾದಾತು ಓಗ್ಬುಡು" ಎಂದರು. ನಾನು ಪೆನ್‌ಡ್ರೈವ್ ಎಂದರೆ ಏನು ಎಂದು ಕೇಳಿದೆ. ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಓದಿದವಳು! ಅವನು ಫೋಟೊ ಹೊಡೆದದ್ದು ಡಬ್ಬದ ಮುಖ ಮಾತ್ರ. ಒಳಗೆ ಮೈಕು ಹೇಗೆ ತೂಗಿದೆ ಎಂದು ಅವನಿಗೆ ಕಾಣಲಿಲ್ಲ. ಅದಕ್ಕೇ ಮೇಳದಲ್ಲಿ ತಟ್ಟೆಗೆ ಬಿಗಿದಿರಬೇಕು. ಬಿಗಿಯಲಿ, ಬಿದಿರಿನ ಮೇಲೆ ನೋಡೋಣ ಅವರ ಡಬ್ಬದ ಬಂಡವಾಳ.

ಇದನ್ನು ನಿನಗೆ ಹೇಳದೆ ಇದ್ದದ್ದು ಯಾಕೆಂದರೆ, ಹೇಳಿದರೆ ನನ್ನನ್ನು ಬರೀ ಕಾವಲುಗಾರ್ತಿ ಎಂದುಕೊಳ್ಳುತ್ತೀಯ ಎಂದು. ನನ್ನದೂ ಹೌದು ಆ ಡಬ್ಬ ಎಂದು ತಿಳಿದೇ ಕಾಪಾಡಿದೆ.

ಸಹಿ ಹಾಕುವುದಿಲ್ಲ. ಮೊದಲು ನೀನು ಏನು ಅನ್ನುತ್ತೀಯ, ಅದನ್ನು ಬರೆ.

ಶಶಿ


ಮಂಡ್ಯ
22 ಏಪ್ರಿಲ್ 2025

ಶಶಿ,

ಬಸ್ಸು ಹತ್ತಿ ಬಂದುಬಿಡೋಣ ಅನ್ನಿಸಿತು. ಬಂದರೆ ಅತ್ತಮ್ಮನ ಮುಂದೆ ಕಾಫಿ ಕುಡಿದು, ನಗಾಡಿ, ಹೇಳಬೇಕಾದದ್ದು ಹೇಳದೆ ವಾಪಸು ಬರುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಡಬ್ಬ ನಮ್ಮಿಬ್ಬರದು. ಇದು ನನ್ನ ಮಾತು, ಮೇಡಂ ಮಾತಲ್ಲ. ಸರ್ಕ್ಯೂಟು ನನ್ನದು, ಕಿವಿ ನಿನ್ನದು. ಗೋಣಿಯನ್ನು ಕಂಡಾಗ ಯಾಕೆ ಎಂದು ಕೇಳದೆ ಇದ್ದದ್ದು ಮರೆವಲ್ಲ. ಕೇಳಿದರೆ ಅದು ನಿನ್ನದು ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

ನಿಮ್ಮ ಮನೆಗೆ ಮೊದಲ ಸಲ ಬಂದ ದಿನ ನೆನಪಿದೆಯಾ? ಅತ್ತಮ್ಮ ನನ್ನನ್ನು ಜಗುಲಿಯಲ್ಲಿ ಕೂರಿಸಿ, ಯಾವ ಊರು, ಯಾರ ಪೈಕಿ ಎಂದು ಕೇಳಿದರು. ಅತಗೂರು, ನಮ್ಮದು ಬೌದ್ಧರ ಮನೆ ಎಂದೆ. ಅವರು ನೀರು ಕೊಟ್ಟರು, ಒಳಗೆ ಬಾ ಎನ್ನಲಿಲ್ಲ. ನೀನು ಸೊಪ್ಪಿನ ಬುಟ್ಟಿಯನ್ನು ಅಂಗಳದಲ್ಲೇ ಇಟ್ಟು, "ಅವ್ಳು ಒಳೀಕ್ ಬರ್ದಿದ್ರೆ ನಾನೂ ಸೊಪ್ಪಾಕಾಕಿಲ್ಲ, ಉಳು ನೀವೇ ನೋಡ್ಕಳಿ" ಎಂದು ನನ್ನ ಪಕ್ಕ ಬಂದು ಕೂತೆ. ಹುಳು ಹಸಿದಿದ್ದವು. ಅತ್ತಮ್ಮ ತುಂಬಾ ಹೊತ್ತು ಗೊಣಗಿ, ಕೊನೆಗೆ, "ಕಾಲಾದ್ರೂ ತೊಳ್ಕಂಡ್ ಬಾರವ್ವ" ಎಂದರು. ಈಗ ನಾನು ಬರುವ ದಿನ ಮುದ್ದೆಗೆ ನೀರಿಟ್ಟು ಕಾಯುತ್ತಾರೆ.

ಬಾಗಿಲ ಹೊರಗೆ ಕೂತವರಿಗೆ ಹೇಗಿರುತ್ತದೆ ಎಂದು ಗೊತ್ತಿದ್ದವಳು ನಾನು. ಆದರೂ ನಿನ್ನನ್ನು ಹೊರಗೆ ಕೂರಿಸುವ ಕಾಗದ ನಾನೇ ಟೈಪ್ ಮಾಡಿದೆ. ನಾಚಿಕೆಯಾಗುತ್ತಿದೆ ಕಣೆ. ಮುಯ್ಯಿ ಎಂದು ಬರೆದದ್ದು ನನಗೆ ಅನುಕೂಲವಾಗಿತ್ತು. ಲೆಕ್ಕ ಮುಗಿಯಿತು ಎಂದುಬಿಟ್ಟರೆ ನೀನು ಇಲ್ಲ.

ಹೂಡಿಕೆದಾರರಿಗೂ ಹೇಳಿದ್ದೇನೆ, ಡಬ್ಬ ಇಬ್ಬರದು, ಕಂಪನಿಯಲ್ಲೂ ಇಬ್ಬರೇ, ಒಪ್ಪಿದರೆ ಬನ್ನಿ ಎಂದು. ಅವರು ಯೋಚನೆ ಮಾಡುತ್ತೇವೆ ಎಂದಿದ್ದಾರೆ. ಮಾಡಲಿ.

ನೀನು ಸಹಿ ಹಾಕಿದ ಹಳೆಯ ಕಾಗದ ಇದರ ಜೊತೆ ಇದೆ. ನಕಲು ಇಟ್ಟುಕೊಂಡಿಲ್ಲ. ಅದನ್ನು ಏನು ಮಾಡಬೇಕು ಎನ್ನುವುದು ನಿನಗೆ ಬಿಟ್ಟದ್ದು. ಹೊಸ ಫಾರಂ ಕೂಡ ಇದೆ, ಎರಡು ಹೆಸರಿನದು. ಈ ಸಲ ಓದಿ ಸಹಿ ಹಾಕು. ಹಾಕದಿದ್ದರೆ ನಾನು ನನ್ನೊಬ್ಬಳ ಹೆಸರಿನಲ್ಲಿ ಅರ್ಜಿ ಹಾಕುವುದಿಲ್ಲ. ಜೂನ್ ಬಂದು ಹೋಗುತ್ತದೆ, ಹೋಗಲಿ.

ನಿನ್ನ ಅರು


ಹಲಗೂರು ಹತ್ತಿರ
6 ಮೇ 2025

ಅರು,

ನಿನ್ನ ಕಾಗದವನ್ನು ಹುಳು ಮನೆಯ ಬಾಗಿಲಲ್ಲಿ ನಿಂತೇ ಓದಿದೆ. ಕಣ್ಣು ಒರೆಸಿಕೊಳ್ಳುವುದು ಕಂಡು ಅತ್ತೆ, "ಯಾಕಮ್ಮಿ, ಬ್ಲೀಚಿಂಗ್ ಗಾಟಾ?" ಎಂದರು. ಹೂಂ ಎಂದೆ. ಆಮೇಲೆ ಫಾರಂ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಬಾಗ್ಲಲ್ ನಿಂತ್ಕಂಡು ಸದ್ದು ಕೇಳಿ ಉಳೀನ ಜ್ವರ ಏಳಾದ ನಿಂಗ್ ಕಲಿಸ್ದೋಳು ನಾನು. ನನ್ನೆಸ್ರೆಲ್ಲಿ?" ಎಂದು ಸೊಂಟದ ಮೇಲೆ ಕೈ ಇಟ್ಟರು. ನಿಮ್ಮ ಮೇಡಂಗೆ ಹೇಳಿ ಸಮಾಧಾನ ಮಾಡಿಸು, ನನ್ನ ಕೈಲಾಗುವುದಿಲ್ಲ. ಸದ್ಯಕ್ಕೆ ಡಬ್ಬದ ಮೇಲೆ ಅವರ ಫೋಟೊ ಅಂಟಿಸುತ್ತೇವೆ ಎಂದು ಸುಳ್ಳು ಹೇಳಿದ್ದೇನೆ.

ಫಾರಂ ಓದಿದೆ, ಸಹಿ ಹಾಕಿದೆ, ಜೊತೆಗಿದೆ. ಬಿದಿರು ತಟ್ಟೆಯ ವಿಚಾರ ನಾನು ನೋಡಿದ್ದು ನೋಡಿದ ಹಾಗೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಸೊಪ್ಪಿನ ಮುಯ್ಯಿಗೆ ಕೊಟ್ಟೆ ಎನ್ನುವುದನ್ನೂ ಬರೆದಿದ್ದೇನೆ, ಮುಚ್ಚಿಡಲಿಲ್ಲ. ದೇವಿರಮ್ಮ ಕೆಳಗೆ ಹೆಬ್ಬೆಟ್ಟು ಒತ್ತುತ್ತೇನೆ ಎಂದು ಹಟ ಮಾಡಿದರು, ಸಹಿ ಮಾಡಲು ಬಂದರೂ. ಹೆಬ್ಬೆಟ್ಟಿಗೇ ಬಲ ಜಾಸ್ತಿಯಂತೆ.

ಹಳೆಯ ಕಾಗದ ಹರಿಯಲಿಲ್ಲ. ಮೊನ್ನೆ ಹೊಸ ಚಾಕಿ ಹುಳು ಬಂದವು, ಇನ್ನೂ ಮರಿಗಳು, ತಟ್ಟೆಗೆ ಹಾಸುವುದಕ್ಕೆ ಪೇಪರು ಸಾಲಲಿಲ್ಲ. ನಿನ್ನ "ಪಾತ್ರ ಏನೂ ಇಲ್ಲ" ಮೇಲ್ಮುಖವಾಗಿ ಹಾಸಿ ಮೇಲೆ ಎಳೆ ಸೊಪ್ಪು ಹಾಕಿದೆ. ಹಿಕ್ಕೆ ಹಾಕಿ ಹಾಕಿ ನನ್ನ ಸಹಿಯೂ ಕಾಣುವುದಿಲ್ಲ ಈಗ.

ಮುಂದಿನ ತಿಂಗಳ ಮೊದಲಲ್ಲಿ ಗೂಡು ಬಿಡಿಸುವ ಕೆಲಸ. ಮುಯ್ಯಾಳಿಗೆ ಯಾರ್ಯಾರನ್ನು ಕರೆಯಬೇಕು ಎಂದು ನಾನು ಹೆಸರು ಹೇಳುತ್ತಾ ನಿನ್ನ ಹೆಸರೂ ಹೇಳಿದೆ. ಅತ್ತೆಗೆ ಸಿಟ್ಟು ಬಂತು. "ಅವ್ಳ್ನ ಯಾಕಮ್ಮಿ ಮುಯ್ಯಾಳ್ಗೆ ಕರೀತೀಯ? ಅವಳ್ಮನೆ ಗೂಡ ಅವ್ಳು ಬಿಡುಸ್ಕತಾಳೆ, ಬಾ ಅನ್ನು" ಎಂದರು.

ಅರ್ಜಿ ಹಾಕಿ ಬಾ. ಬರುವಾಗ ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಂಡು ಬಾ, ಬ್ಲೀಚಿಂಗ್ ಪೌಡರೂ ತಾ, ಮುಗಿದಿದೆ.

ಶಶಿ